ಬದುಕು ಯಾರಿಗೆ ಅಗ್ಗ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪತ್ರ ಬರೆದು, ಹೆಸರು ಪ್ರಕಟಿಸಬಾರದೆಂದು ಕೋರಿರುವ ಹಿರಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕನಿಷ್ಠ ಕೂಲಿ ಏರಬೇಕು, ಅದಕ್ಕೆ ದೇಶಕ್ಕೆಲ್ಲ ಒಂದೇ ಕನಿಷ್ಠ ಮಟ್ಟ ಇರಬೇಕು ಎಂದು ಕಳೆದ ಸಂಚಿಕೆಯಲ್ಲಿ ಬಂದ ಸಂಪಾದಕೀಯಕ್ಕೆ ಆಕ್ಷೇಪವೆತ್ತಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅದನ್ನು ಪೂರ್ತಿಯಾಗಿ ಅಚ್ಚು ಹಾಕಲು ಸ್ಥಳವಿಲ್ಲದ ಕಾರಣ, ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಅಬುಧಾಬಿಯಲ್ಲಿರುವ ತಮ್ಮ ಮಗ ಮನೆ ಬಾಡಿಗೆಗೆಂದೇ ತಿಂಗಳಿಗೆ ತೆರುವ ಹಣದಲ್ಲಿ ನಮ್ಮ ಊರಿನ ಒಂದು ಕುಟುಂಬ ಹಲವು ತಿಂಗಳು ಉಂಡುಟ್ಟು ಸುಖವಾಗಿರಬಹುದು. ಬದುಕಿನ ವೆಚ್ಚವೇ ಇಷ್ಟು ಕಡಿಮೆ ಇರುವ ದೇಶದಲ್ಲಿ ಕೂಲಿಯೂ ಕಡಿಮೆ ಇರುವುದು ಸಹಜ. ಸರಕಾರ ಅದನ್ನು ಏರಿಸಿದರೆ ಬೆಲೆಗಳೂ ಏರಿ, ಸಣ್ಣ ಉದ್ಯಮಗಳು ಮುಚ್ಚಿ, ಇದ್ದ ಕೆಲಸವೂ ಕೈ ತಪ್ಪುತ್ತದೆ ಎಂಬುದು ತಮ್ಮ ವಾದ. ಅಲ್ಲದೆ ಕೇರಳದಲ್ಲಿ ಕೂಲಿ ಈಗಾಗಲೇ ಹೆಚ್ಚಿದ್ದು, ಅಡಿಕೆಗೆ ಮದ್ದು ಬಿಡಲು ಜನ ಸಿಗದೆ ತೋಟದವರು ಸೋತಿರುವಾಗ ಈ ಮಾತು ಯಾರಿಗಾಗಿ ಎಂಬುದು ತಮ್ಮ ಪ್ರಶ್ನೆ. ಕೊನೆಗೆ, ನಮ್ಮ ಪತ್ರಿಕೆ ತನ್ನ ಕೆಲಸದವರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದ್ದೀರಿ. ಬರೆದದ್ದರಿಂದ ಏನಾದರೂ ಆಗುತ್ತದೆಯೇ, ಯಾರು ಕೇಳುತ್ತಾರೆ ಎಂದೂ ಸೇರಿಸಿದ್ದೀರಿ.

ತಮ್ಮ ಮಗ ಕಂಡದ್ದು ಸುಳ್ಳಲ್ಲ. ಅದಕ್ಕೆ ಅಂಕಿಅಂಶದ ಆಧಾರವೂ ಇದೆ. ದೇಶದೇಶಗಳ ಬೆಲೆಗಳನ್ನು ವಿಶ್ವಬ್ಯಾಂಕು ಹೋಲಿಸಿ ನೋಡಿದ 2021ರ ಲೆಕ್ಕದಲ್ಲಿ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಮತ್ತು ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತಿತ್ತು. ಅದೇ ವರ್ಷ ಬ್ಯಾಂಕಿನಲ್ಲಿ ಡಾಲರಿಗೆ ಸುಮಾರು 74 ರೂಪಾಯಿ ಇತ್ತು. ಅಂದರೆ ಹೊರಗೆ ದುಡಿದ ಹಣ ಇಲ್ಲಿ ಮೂರೂವರೆ ಪಾಲಿಗಿಂತಲೂ ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಇಲ್ಲಿ ಅಗ್ಗವಾಗಿರುವುದು ಯಾವುದು ಎಂಬುದನ್ನು ಬಿಡಿಸಿ ನೋಡದೆ ಈ ಲೆಕ್ಕವನ್ನು ಕೂಲಿಗೆ ಅನ್ವಯಿಸುವುದು ಸರಿಯಾಗದು. ಚಿನ್ನ ಅಗ್ಗವಿಲ್ಲ, ಪೆಟ್ರೋಲ್ ಅಗ್ಗವಿಲ್ಲ, ಮೊಬೈಲ್ ಫೋನ್ ಅಗ್ಗವಿಲ್ಲ, ಸಿಮೆಂಟು ಮತ್ತು ಕಬ್ಬಿಣ ಅಂಥ ಅಗ್ಗವೇನಲ್ಲ. ಅಗ್ಗವಾಗಿರುವುದು ಕ್ಷೌರ, ಹೊಲಿಗೆ, ಮನೆಗೆಲಸ, ಆಟೋ ಬಾಡಿಗೆ, ಮನೆಗೆ ಬಣ್ಣ ಬಳಿಯುವುದು, ಸಮಾರಂಭದ ಅಡುಗೆ, ಮಕ್ಕಳ ಟ್ಯೂಷನ್. ಅಬುಧಾಬಿಯ ಕ್ಷೌರಿಕನ ಕೈಯಲ್ಲೂ ಬದಿಯಡ್ಕದ ಕ್ಷೌರಿಕನ ಕೈಯಲ್ಲೂ ಇರುವುದು ಅದೇ ಕತ್ತರಿ, ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ದರದ ವ್ಯತ್ಯಾಸದಲ್ಲಿ ಅಂಗಡಿಯ ಬಾಡಿಗೆಯನ್ನು ಕಳೆದರೆ ಉಳಿಯುವುದು ಅವನ ದುಡಿಮೆಗೆ ನಾವು ಕಟ್ಟುವ ಬೆಲೆ ಮಾತ್ರ. ಹಾಗಾಗಿ ನಮ್ಮಲ್ಲಿ ಬದುಕು ಅಗ್ಗ ಎಂದಾಗ ನಾವು ಹೇಳುತ್ತಿರುವುದು ಬಹುಮಟ್ಟಿಗೆ ನಮ್ಮಲ್ಲಿ ಇನ್ನೊಬ್ಬರ ದುಡಿಮೆ ಅಗ್ಗ ಎಂದು. ಆ ಅಗ್ಗದ ಲಾಭ ದೊರೆಯುವುದು ದುಡಿಮೆಯನ್ನು ಕೊಳ್ಳುವವರಿಗೆ, ಅಂದರೆ ರಜೆಯಲ್ಲಿ ಊರಿಗೆ ಬಂದ ತಮ್ಮ ಮಗನಿಗೆ, ಪಿಂಚಣಿ ಪಡೆಯುವ ತಮಗೆ ಮತ್ತು ಸಂಬಳ ಪಡೆಯುವ ನನಗೆ. ದುಡಿಮೆಯನ್ನು ಮಾರಿ ಬದುಕುವವರು ಅಡುಗೆಯವರನ್ನೂ ಚಾಲಕರನ್ನೂ ಗೊತ್ತುಮಾಡಿಕೊಳ್ಳುವುದಿಲ್ಲ. ಅವರು ಕೊಳ್ಳುವುದು ಮೀನು, ತೆಂಗಿನೆಣ್ಣೆ, ಮೊಬೈಲ್ ರೀಚಾರ್ಜ್, ಬಸ್ಸಿನ ಟಿಕೆಟ್, ಮಾತ್ರೆ. ಇವುಗಳಲ್ಲಿ ಯಾವುದಕ್ಕೂ ಬಡವರಿಗೆಂದು ಬೇರೆ ದರವಿಲ್ಲ. ಒಬ್ಬರ ಕೂಲಿ ಕಡಿಮೆ ಇರುವುದರಿಂದ ನಮ್ಮ ಖರ್ಚು ಕಡಿಮೆಯಾಗುತ್ತದೆ. ಆ ಕಡಿಮೆ ಖರ್ಚನ್ನೇ ತೋರಿಸಿ, ನಿನಗೆ ಇಷ್ಟು ಕೂಲಿ ಸಾಕು ಎಂದು ಅವರಿಗೇ ಹೇಳುವುದು ಯಾವ ನ್ಯಾಯ?

ಗಲ್ಫಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಯೇ ಮುಂದೆ ಹೋಗುತ್ತೇನೆ. ನಮ್ಮ ಜಿಲ್ಲೆಯ ಎಷ್ಟೋ ಮಂದಿ ದುಡಿಯುವ ಕತಾರಿನಲ್ಲಿ 2021ರ ಮಾರ್ಚಿನಿಂದ ಎಲ್ಲ ದೇಶದ ಕೆಲಸಗಾರರಿಗೂ ಒಂದೇ ಕನಿಷ್ಠ ವೇತನ ಜಾರಿಯಲ್ಲಿದೆ: ಮೂಲವೇತನ 1,000 ರಿಯಾಲ್, ಮಾಲೀಕ ವಸತಿ ಕೊಡದಿದ್ದರೆ ಅದಕ್ಕೆ 500, ಊಟ ಕೊಡದಿದ್ದರೆ 300. ಮೊತ್ತ ಸಾಕೇ ಎಂಬುದು ಬೇರೆ ಚರ್ಚೆ. ಸೂರು ಮತ್ತು ಊಟ ವೇತನದಿಂದ ಹೊರಗಿನ ವಿಷಯವಲ್ಲ, ವೇತನದೊಳಗಿನ ಲೆಕ್ಕ ಎಂದು ಅಲ್ಲಿನ ಕಾನೂನು ಒಪ್ಪಿಕೊಂಡಿದೆಯಲ್ಲ, ಅದು ಗಮನಿಸಬೇಕಾದದ್ದು.

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ಹಳೆಯ ಚರಿತ್ರೆಯಿದೆ. ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ಆದರೆ ಕನಿಷ್ಠವೆಂದರೆ ಎಷ್ಟು ಎಂಬುದನ್ನು ಆ ಕಾಯ್ದೆ ಹೇಳಲಿಲ್ಲ. 1957ರಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಹೇಳಿತು: ದುಡಿಯುವವನ ಊಟವನ್ನು ಒಂದು ಪಾಲೆಂದು ಹಿಡಿದು, ಅವನೂ ಸೇರಿ ಮೂರು ಪಾಲಿನ ಕುಟುಂಬ, ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಸರಕಾರಿ ಕೈಗಾರಿಕಾ ವಸತಿಯ ಮಟ್ಟದ ಬಾಡಿಗೆ, ಸೌದೆ, ದೀಪ ಮುಂತಾದ ಇತರ ಖರ್ಚಿಗೆ ಒಟ್ಟು ಕೂಲಿಯ ಶೇಕಡಾ 20. ಮಕ್ಕಳ ಓದು, ಔಷಧಿ, ಮದುವೆ, ಹಬ್ಬ, ವೃದ್ಧಾಪ್ಯ ಇವುಗಳಿಗಾಗಿ ಶೇಕಡಾ 25 ಸೇರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಮುಂದೆ, ಕೇಂದ್ರ ಸರಕಾರ ನೇಮಿಸಿದ ತಜ್ಞರ ಸಮಿತಿಯೊಂದು 2019ರಲ್ಲಿ, ಕ್ಯಾಲೊರಿಯನ್ನು 2,400ಕ್ಕೆ ಇಳಿಸಿ, ಪ್ರೋಟೀನು ಮತ್ತು ಕೊಬ್ಬನ್ನು ಸೇರಿಸಿ ಲೆಕ್ಕ ಹಾಕಿ, 2018ರ ಬೆಲೆಗಳಲ್ಲಿ ದೇಶಕ್ಕೆಲ್ಲ ದಿನಕ್ಕೆ 375 ರೂಪಾಯಿ, ಅಂದರೆ ತಿಂಗಳಿಗೆ 9,750 ಇರಬೇಕೆಂದು ಶಿಫಾರಸು ಮಾಡಿತು. ಆಗ ಕೇಂದ್ರ ಸರಕಾರ ಸೂಚಿಸಿದ್ದ ರಾಷ್ಟ್ರೀಯ ಕನಿಷ್ಠ ಮಟ್ಟ 176 ರೂಪಾಯಿ. ಸಮಿತಿಯ ಲೆಕ್ಕದ ಅರ್ಧದಷ್ಟೂ ಇಲ್ಲದ ಆ 176ಕ್ಕೆ ಕಾನೂನಿನ ಬಲವೂ ಇರಲಿಲ್ಲ.

ಕೇರಳದ ಕೂಲಿ ಹೆಚ್ಚೆಂಬ ತಮ್ಮ ಮಾತನ್ನು ಒಪ್ಪುತ್ತೇನೆ. ರಿಸರ್ವ್ ಬ್ಯಾಂಕಿನ ಪ್ರಕಟಣೆಯಂತೆ 2022-23ರಲ್ಲಿ ಗ್ರಾಮೀಣ ಕೇರಳದಲ್ಲಿ ಗಂಡಸರ ಕೃಷಿ ಕೂಲಿ ದಿನಕ್ಕೆ ಸರಾಸರಿ 764 ರೂಪಾಯಿ. ದೇಶದ ಸರಾಸರಿ 346ರ ಹತ್ತಿರ, ಮಧ್ಯಪ್ರದೇಶದಲ್ಲಿ 229. ಆದರೆ ಇದನ್ನು ಏರಿಸಿದ್ದು ಮುಖ್ಯವಾಗಿ ಕನಿಷ್ಠ ವೇತನದ ಆದೇಶವಲ್ಲ. ಭೂಸುಧಾರಣೆ, ಸಂಘಟನೆ, ಶಾಲೆ, ಎಲ್ಲಕ್ಕಿಂತ ಹೆಚ್ಚಾಗಿ ಗಲ್ಫಿಗೆ ಹೋದವರಿಂದಾಗಿ ಊರಿನಲ್ಲಿ ಉಂಟಾದ ಕೆಲಸದವರ ಕೊರತೆ ಇದನ್ನು ಏರಿಸಿತು. ತಮ್ಮ ತೋಟದ ಕೂಲಿ ದುಬಾರಿಯಾದದ್ದರಲ್ಲಿ ತಮ್ಮ ಮಗನ ವಿಮಾನದ ಟಿಕೆಟಿನ ಪಾಲೂ ಇದೆ ಎಂದರೆ ಬೇಸರಿಸಬಾರದು. ಇನ್ನು, ಈ 764 ದಿನಗೂಲಿಯೇ ಹೊರತು ಸಂಬಳವಲ್ಲ. ಮಳೆಗಾಲ, ಕೆಲಸವಿಲ್ಲದ ವಾರಗಳು, ಮರದಿಂದ ಬಿದ್ದು ಮಲಗಿದ ದಿನಗಳು ಎಲ್ಲವನ್ನೂ ಕಳೆದು ತಿಂಗಳಿಗೆ 15 ದಿನ ಕೆಲಸ ಸಿಕ್ಕಿತೆಂದರೆ ಕೈಗೆ ಬರುವುದು 11,460 ರೂಪಾಯಿ. 26 ದಿನವೂ ಸಿಕ್ಕಿತೆಂದು ಇಟ್ಟುಕೊಂಡರೂ 19,864. ಅದೇ ವರ್ಷದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕೇರಳದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 5,924 ರೂಪಾಯಿ, ನಾಲ್ವರ ಮನೆಗೆ 23,696. ದೇಶದ ಗ್ರಾಮೀಣ ಸರಾಸರಿ ತಲೆಗೆ 3,773. ಈ ಸರಾಸರಿಯಲ್ಲಿ ಉಳ್ಳವರ ಖರ್ಚೂ ಸೇರಿದೆ ಎಂಬುದು ನಿಜ. ಆದರೂ ಕೂಲಿ ಹೆಚ್ಚಿರುವ ಕಡೆ ಬದುಕು ಅಗ್ಗವಾಗಿ ಉಳಿದಿಲ್ಲ ಎಂಬುದನ್ನು ತೋರಿಸಲು ಇದು ಸಾಕು.

ಈ ಹೆಚ್ಚಿನ ಕೂಲಿ ಒಂದೇ ಮನೆಯೊಳಗೂ ಎಲ್ಲರಿಗೂ ಹಂಚಿಕೆಯಾಗಿಲ್ಲ. ಮಂಜೇಶ್ವರ, ಕುಂಬಳೆ ಸುತ್ತಿನ ಊರುಗಳಲ್ಲಿ ಗಂಡ ಮೇಸ್ತ್ರಿಯ ಜೊತೆ ಕಟ್ಟಡದ ಕೆಲಸಕ್ಕೋ ಮುರಕಲ್ಲಿನ ಕೋರೆಗೋ ಹೋದರೆ, ಹೆಂಡತಿ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾಳೆ. ಹಿಂದಿನ ರಾತ್ರಿ ನೀರು ಚಿಮುಕಿಸಿಟ್ಟ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಸುತ್ತಿ, ತುದಿ ಮಡಚಿ ಇಟ್ಟರೆ ಒಂದು ಬೀಡಿ. ಅಂಥ ಸಾವಿರಕ್ಕೆ ಇಷ್ಟೆಂದು ದರ. ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನಲ್ಲಿ ಕೊಟ್ಟ ಎಲೆ ಹರಿದಿದ್ದರೆ, ತೂತು ಬಿದ್ದಿದ್ದರೆ, ಸಾವಿರ ತುಂಬಲು ಬೇಕಾದ ಉಳಿದ ಎಲೆಯನ್ನು ಅವಳೇ ಹಣ ಕೊಟ್ಟು ತರಬೇಕು. ಕಟ್ಟಿದ ಬೀಡಿಯಲ್ಲಿ ಸರಿಯಿಲ್ಲವೆಂದು ಪಕ್ಕಕ್ಕಿಟ್ಟದ್ದಕ್ಕೆ ಕೂಲಿಯಿಲ್ಲ. ಮನೆಗೆಲಸದ ನಡುವೆ ಬೆಳಗ್ಗಿನಿಂದ ಸಂಜೆಯವರೆಗೆ ಕೂತರೂ ಅವಳ ಗಳಿಕೆ ಗಂಡನ ದಿನಗೂಲಿಯ ಅರ್ಧವನ್ನು ಮುಟ್ಟುವುದಿಲ್ಲ. ಕನಿಷ್ಠ ಕೂಲಿಯ ಮಾತು ಯಾರಿಗಾಗಿ ಎಂದು ಕೇಳಿದಿರಲ್ಲ, ಮೊದಲಿಗೆ ಇವಳಿಗಾಗಿ. ತೋಟಕ್ಕೆ ಮದ್ದು ಬಿಡುವವನು ಕೇಳಿದ ಕೂಲಿ ಸಿಗದಿದ್ದರೆ ನಾಳೆ ಬರುವುದಿಲ್ಲ ಎನ್ನಬಲ್ಲ. ಅವನಿಗೆ ಕಾನೂನಿನ ಆಸರೆ ಅಷ್ಟಾಗಿ ಬೇಕಿಲ್ಲ. ಸಣ್ಣ ಮಕ್ಕಳನ್ನೋ ಹಾಸಿಗೆ ಹಿಡಿದ ಅತ್ತೆಯನ್ನೋ ಬಿಟ್ಟು ಹೊರಡಲಾರದ ಹೆಂಗಸಿಗೆ ಹಾಗೆ ಹೇಳುವ ಅವಕಾಶವೇ ಇಲ್ಲ.

ಕೂಲಿ ಏರಿಸಿದರೆ ಉದ್ಯಮ ಓಡಿಹೋಗುತ್ತದೆ ಎಂಬ ತಮ್ಮ ಭಯಕ್ಕೂ ಬೀಡಿಯ ಚರಿತ್ರೆಯಲ್ಲೇ ಸಾಕ್ಷಿಯಿದೆ, ಅದನ್ನು ಮುಚ್ಚಿಡಲಾರೆ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆಯನ್ನು ಕೇರಳ ಜಾರಿಗೆ ತರಲು ಹೊರಟಾಗ, ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯಲ್ಲಿದ್ದ ಆ ಕಾಲದಲ್ಲಿ, 1968ರ ಹೊತ್ತಿಗೆ ಮಂಗಳೂರಿನ ದೊಡ್ಡ ಬೀಡಿ ಉದ್ಯಮ ಇಲ್ಲಿನ ಕೆಲಸವನ್ನು ನಿಲ್ಲಿಸಿ ಗಡಿಯಾಚೆಗೆ ಹೋಯಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರೇ 1969ರಲ್ಲಿ ಸರಕಾರದ ಬೆಂಬಲದೊಂದಿಗೆ ಕೇರಳ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು. ಕಾನೂನಿನ ಕೂಲಿಯನ್ನು ಕೊಟ್ಟೇ ಅದು ಬೆಳೆಯಿತು, ಒಂದು ಕಾಲಕ್ಕೆ ಸುಮಾರು 42,000 ಮಂದಿಗೆ ಕೆಲಸ ಕೊಟ್ಟಿತು. ಆಮೇಲೆ ಬೀಡಿ ಸೇದುವವರೇ ಕಡಿಮೆಯಾದ ಕಾರಣ ಅದು ಆಹಾರ ಪದಾರ್ಥ, ಕೊಡೆ, ಉಡುಪಿನ ಕಡೆಗೆ ತಿರುಗಬೇಕಾಯಿತು. ಕೂಲಿ ಹೆಚ್ಚಿಸಿದ್ದರಿಂದಲೇ ಉದ್ಯಮ ಸತ್ತಿತು ಎಂದು ಈ ಕತೆಯಿಂದ ಹೇಳಲಾಗದು. ಒಂದು ರಾಜ್ಯ ಕಾನೂನು ಮಾಡಿ ಪಕ್ಕದ ರಾಜ್ಯ ಸುಮ್ಮನಿದ್ದರೆ ಬೀಡಿ ಎಲೆಯ ಚೀಲ ಗಡಿಯಲ್ಲಿರುವ ತಲಪಾಡಿ ದಾಟಲು ಹೊತ್ತು ಬೇಕಿಲ್ಲ ಎಂಬುದನ್ನು ಇದರಿಂದ ಖಂಡಿತವಾಗಿ ಹೇಳಬಹುದು. ಅದಕ್ಕಾಗಿಯೇ ಎರಡೂ ಕಡೆಗೆ ಸಮನಾಗಿ ಅನ್ವಯಿಸುವ ರಾಷ್ಟ್ರೀಯ ಕನಿಷ್ಠ ಮಟ್ಟ ಬೇಕೆಂದು ನಾವು ಬರೆದದ್ದು.

ಕೆಲಸ ಹೋಗುತ್ತದೆ ಎಂಬ ಸಾಮಾನ್ಯ ವಾದದ ಕುರಿತು ಹೆಚ್ಚು ಹೇಳುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕನಿಷ್ಠ ಕೂಲಿ ಏರಿದಾಗ ಫಾಸ್ಟ್ ಫುಡ್ ಹೋಟೆಲುಗಳಲ್ಲಿ ಕೆಲಸ ಕಡಿಮೆಯಾಗಲಿಲ್ಲವೆಂದು 1994ರಲ್ಲಿ ತೋರಿಸಿದವರಲ್ಲಿ ಒಬ್ಬರಾದ ಡೇವಿಡ್ ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂದಿದೆ. ಅದನ್ನು ನಮ್ಮ ದೇಶಕ್ಕೆ ಹಾಗೆಯೇ ತಂದು ಹಚ್ಚಲಾಗದು, ಏಕೆಂದರೆ ಇಲ್ಲಿನ ಮುಖ್ಯ ತೊಡಕು ಕಾನೂನು ತಲುಪದಿರುವುದು. ದೇಶದ ಕೂಲಿ ಕೆಲಸಗಾರರಲ್ಲಿ ಮೂವರಲ್ಲಿ ಒಬ್ಬರಿಗೆ ಕನಿಷ್ಠ ವೇತನದ ರಕ್ಷಣೆಯಿಲ್ಲವೆಂದು 2018-19ರ ಆರ್ಥಿಕ ಸಮೀಕ್ಷೆಯೇ ಬರೆದಿದೆ. ಸರಕಾರದ ಸ್ವಂತ ನಡವಳಿಕೆಯೂ ಮಾದರಿಯಾಗಿಲ್ಲ: 2024-25ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಮಂಜೇಶ್ವರದಲ್ಲಿ 346 ರೂಪಾಯಿ, ಗಡಿ ದಾಟಿ ಕರ್ನಾಟಕಕ್ಕೆ ಹೋದರೆ 349; ಆರು ವರ್ಷ ಹಿಂದಿನ ಬೆಲೆಗಳಲ್ಲಿ ಹಾಕಿದ 375ರ ಲೆಕ್ಕಕ್ಕೂ ಎರಡೂ ಕಡಿಮೆ.

ಬೆಲೆ ಏರುತ್ತದೆ ಎಂಬುದು ಸ್ವಲ್ಪಮಟ್ಟಿಗೆ ನಿಜ, ಏರಲಿ ಎಂದೇ ನನ್ನ ಅಭಿಪ್ರಾಯ. ನಮ್ಮ ಪತ್ರಿಕೆಯ ಜೋಡಣೆ, ಮುದ್ರಣ, ರವಾನೆಯ ಕೆಲಸದವರಿಗೆ ಸರಕಾರ ಗೊತ್ತುಪಡಿಸಿದ ದರಕ್ಕಿಂತ ಕಡಿಮೆ ಕೊಡುತ್ತಿಲ್ಲ. ಹೆಚ್ಚು ಕೊಡುತ್ತಿದ್ದೇವೆಂದು ಹೇಳಿಕೊಳ್ಳುವಷ್ಟೂ ಕೊಡುತ್ತಿಲ್ಲ. ಚಂದಾ ಏರಿಸಿದಾಗ ಓದುಗರಲ್ಲಿ ಕೆಲವರು ಬಿಟ್ಟುಹೋದರು, ತಾವು ಉಳಿದಿರಿ. ಇದಕ್ಕಾಗಿ ಕೃತಜ್ಞತೆಯನ್ನು ಸಲ್ಲಿಸಲು ಇದೇ ಸಂದರ್ಭ.

ಬದುಕಿನ ವೆಚ್ಚ ಕಡಿಮೆಯಾಗಲೇಬೇಕೆಂದು ತಾವು ಬಯಸುವುದಾದರೆ, ಕೂಲಿ ಹಿಡಿದಿಡದೆಯೂ ಅದಕ್ಕೆ ದಾರಿಯಿದೆ. ರೇಷನ್ ಅಕ್ಕಿ, ಸರಕಾರದ ರಿಯಾಯಿತಿ ದರದ ಅಂಗಡಿಯಾದ ಮಾವೇಲಿ ಸ್ಟೋರಿನ ಸಾಮಾನು, ಸರಕಾರಿ ಶಾಲೆ ಇವು ಕೂಲಿಯವರ ಕೈಯಲ್ಲಿ ಉಳಿಸುವ ಹಣವೂ ಒಂದು ಬಗೆಯ ಕೂಲಿಯೇ. ನಮ್ಮ ಜಿಲ್ಲೆಗೆ ಕೊರತೆಯಿರುವುದು ಆಸ್ಪತ್ರೆಯದು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾವೆಲ್ಲ ಮಂಗಳೂರನ್ನು ಎಷ್ಟು ನೆಚ್ಚಿಕೊಂಡಿದ್ದೇವೆಂದು ತಿಳಿಯಿತು. ಅಲ್ಲಿನ ಖಾಸಗಿ ಆಸ್ಪತ್ರೆಯ ಬಿಲ್ಲು ಬೀಡಿ ಕಟ್ಟುವವಳಿಗೂ ನನಗೂ ಒಂದೇ. ಒಂದು ಹೆರಿಗೆ ಅಥವಾ ಒಂದು ಶಸ್ತ್ರಚಿಕಿತ್ಸೆ ವರ್ಷದ ಉಳಿತಾಯವನ್ನು ನುಂಗುತ್ತದೆ. ಇಲ್ಲಿನ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದು ಪೂರ್ಣಪ್ರಮಾಣದ ಆಸ್ಪತ್ರೆಯಾಗಿ ನಡೆದರೆ ಈ ಜಿಲ್ಲೆಯ ಕೂಲಿಯವರಿಗೆ ಅದು ದೊಡ್ಡ ವೇತನ ಹೆಚ್ಚಳಕ್ಕೆ ಸಮ.

ಇನ್ನು, ಬರೆದರೆ ಯಾರು ಕೇಳುತ್ತಾರೆ ಎಂಬ ಪ್ರಶ್ನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಂತೆ ಕೇಂದ್ರ ಸರಕಾರ ಒಂದು ತಳಮಟ್ಟದ ಕೂಲಿಯನ್ನು ಗೊತ್ತುಪಡಿಸಬೇಕು, ಯಾವ ರಾಜ್ಯವೂ ಅದಕ್ಕಿಂತ ಕೆಳಗಿಳಿಯುವಂತಿಲ್ಲ. ರಕ್ಷಣೆ ಪಟ್ಟಿಯಲ್ಲಿ ಹೆಸರಿಸಿದ ಕೆಲಸಗಳಿಗೆ ಮಾತ್ರವೆಂಬ ಹಳೆಯ ಮಿತಿಯೂ ಇದರಲ್ಲಿಲ್ಲ. ರಾಜ್ಯ ಸರಕಾರ ಕೂಲಿಯ ದರವನ್ನು ಗೊತ್ತುಪಡಿಸುವಾಗ ಸಮಿತಿಯ ಮೂಲಕ ವಿಚಾರಣೆ ನಡೆಸಬೇಕು, ಇಲ್ಲವೇ ಕರಡನ್ನು ಪ್ರಕಟಿಸಿ ಕನಿಷ್ಠ ಎರಡು ತಿಂಗಳು ಆಕ್ಷೇಪಗಳಿಗೆ ಅವಕಾಶ ಕೊಡಬೇಕು. ಆಗ ತೋಟದ ಮಾಲೀಕರಾಗಿ ತಾವೂ ಬರೆಯಬಹುದು, ಬೀಡಿ ಕಟ್ಟುವವರೂ ಬರೆಯಬಹುದು. ಕೇರಳದ ಭಾಷಾ ಕಾನೂನಿನಂತೆ ನಮ್ಮ ಅರ್ಜಿಯನ್ನು ಕನ್ನಡದಲ್ಲೇ ಸಲ್ಲಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗಿದೆ. ಅಂಥ ಕರಡು ಪ್ರಕಟವಾದಾಗ ಅದರ ಕನ್ನಡ ಸಾರವನ್ನೂ, ಆಕ್ಷೇಪ ಕಳುಹಿಸಬೇಕಾದ ವಿಳಾಸವನ್ನೂ, ಕೊನೆಯ ದಿನಾಂಕವನ್ನೂ ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.

ಸಂಪಾದಕ