ಕನ್ನಡ ಅಕ್ಷರದಲ್ಲಿ ಬರೆದ ಭೌತಶಾಸ್ತ್ರ

ಮೇ ತಿಂಗಳು ಬಂತೆಂದರೆ ನನ್ನ ಮೇಜಿನ ಮುಂದೆ ಒಂದೇ ಬಗೆಯ ಮಕ್ಕಳು ಬಂದು ಕೂರುತ್ತಾರೆ. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆ, ಅರವತ್ತರ ಆಸುಪಾಸಿನ ಅಂಕ, ಮನೆಯವರ ಆಸೆಗಾಗಿ ಪಿಯುಸಿ ವಿಜ್ಞಾನ, ಎರಡನೆಯ ವರ್ಷದಲ್ಲಿ ಭೌತಶಾಸ್ತ್ರಕ್ಕೂ ಗಣಿತಕ್ಕೂ ಪೆಟ್ಟು. ಅಂಕೋಲೆ, ಹೊನ್ನಾವರಗಳಿಂದ ಬಂದವರಿರಲಿ, ದೇವಿಮನೆ ಘಟ್ಟ ಇಳಿದು ಶಿರಸಿ ಕಡೆಯಿಂದ ಬಂದವರಿರಲಿ, ಕತೆ ಹೆಚ್ಚು ಬದಲಾಗುವುದಿಲ್ಲ. ಕುಮಟೆಯಲ್ಲಿ ಆಪ್ತಸಲಹೆಗೆ ಕುಳಿತ ಇಷ್ಟು ವರ್ಷಗಳಲ್ಲಿ ಇಂಥವರನ್ನು ಎಷ್ಟು ಮಂದಿ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಅವರಲ್ಲಿ ಒಬ್ಬಳ ವಿಷಯವನ್ನು, ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಾಯಿಸಿ ಇಲ್ಲಿ ಬರೆಯುತ್ತಿದ್ದೇನೆ. ಸುಮಾ ಎಂದು ಕರೆಯೋಣ.

ತಂದೆ ತದಡಿ ಬಂದರಿನಿಂದ ಮೀನುಗಾರಿಕೆ ಬೋಟಿಗೆ ಹೋಗುವವರು, ತಾಯಿ ಮೀನು ಮಾರುವವರು. ತಾಯಿಯ ತಮ್ಮ ಕಾರವಾರದಲ್ಲಿ ಅಂಗಡಿ ಇಟ್ಟಿದ್ದಾರೆ. ಅಕ್ಕನ ಮಗಳ ಓದಿನ ಖರ್ಚೆಲ್ಲ ಅವರದೇ. ಮೊದಲ ಭೇಟಿಯಲ್ಲಿ ಮಾತಾಡಿದವರೂ ಅವರೇ. “ಒಂದು ವರ್ಷ ಟ್ಯೂಷನ್ ಹಾಕಿಸಿ ಮತ್ತೆ ಬರೆಸುತ್ತೇನೆ ಮೇಡಂ. ಇವಳು ಇಂಜಿನಿಯರ್ ಆಗಬೇಕು. ನೀವು ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಡಿ, ಸಾಕು” ಎಂದರು. ಸುಮಾ ಇಡೀ ಮುಕ್ಕಾಲು ಗಂಟೆಯಲ್ಲಿ ಒಂದೇ ಮಾತು ಆಡಿದಳು, ಅದೂ ನೆಲ ನೋಡುತ್ತ: “ನಾನು ಐಟಿಐಗೆ ಸೇರುತ್ತೇನೆ.” ಮಾವನ ಮುಖ ಕೆಂಪಾಯಿತು. “ಫೇಲಾದ ಗಂಡುಹುಡುಗರು ಹೋಗುವ ಜಾಗ ಅದು. ಅದಕ್ಕಾಗಿಯೇ ನಾನು ಇಷ್ಟು ದುಡ್ಡು ಸುರಿದೆನೇ?” ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರೇ ಹೊರತು ತುಟಿ ಬಿಚ್ಚಲಿಲ್ಲ.

ಆ ದಿನ ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ಸೋತ ಮಗು ಬೇರೆ ದಾರಿ ಹೆಸರಿಸಿದಾಗ, ಅದು ಆ ದಾರಿಯ ಮೇಲಿನ ಒಲವೋ, ಈ ದಾರಿಯ ಭಯವೋ ಎಂಬುದು ಮೊದಲು ತಿಳಿಯಬೇಕು. ಭಯದಿಂದ ಐಟಿಐಗೆ ಹೋದವರು ಅಲ್ಲಿಯೂ ಉಳಿಯುವುದಿಲ್ಲ. ಮುಂದಿನ ವಾರ ಒಬ್ಬಳೇ ಬಾ, ಪಿಯುಸಿಯಲ್ಲಿ ಓದಿದ ಯಾವುದಾದರೂ ಒಂದು ನೋಟುಪುಸ್ತಕ ತಾ ಎಂದು ಹೇಳಿ ಕಳುಹಿಸಿದೆ.

ತಂದಳು. ಇನ್ನೂರು ಪುಟದ ಉದ್ದ ನೋಟುಪುಸ್ತಕ, ಹಳೆಯ ಕ್ಯಾಲೆಂಡರ್ ಹಾಳೆಯ ಹೊದಿಕೆ. ಒಳಗೆ ನೀಲಿ ಶಾಯಿಯಲ್ಲಿ ದುಂಡಗಿನ ಕನ್ನಡ ಅಕ್ಷರ. ಭೌತಶಾಸ್ತ್ರವನ್ನು ಕನ್ನಡದಲ್ಲಿ ಬರೆದುಕೊಂಡಿದ್ದಾಳಲ್ಲ ಎಂದು ಖುಷಿಯಿಂದ ಓದಲು ಹೊರಟೆ. ಓದಿದರೆ ಅದು ಕನ್ನಡವಲ್ಲ. “ದಿ ಇಂಡ್ಯೂಸ್ಡ್ ಇಎಂಎಫ್ ಈಸ್ ಡೈರೆಕ್ಟ್ಲಿ ಪ್ರೊಪೋರ್ಷನಲ್ ಟು ದಿ ರೇಟ್ ಆಫ್ ಚೇಂಜ್ ಆಫ್ ಮ್ಯಾಗ್ನೆಟಿಕ್ ಫ್ಲಕ್ಸ್.” ಪುಟದಿಂದ ಪುಟಕ್ಕೆ ಹೀಗೆಯೇ. ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ಕೆಂಪು ಗೀರು. ಮಂತ್ರ ಕಲಿಯುವವರು ಸ್ವರ ಗುರುತು ಹಾಕಿಕೊಂಡಂತೆ. ಉಪನ್ಯಾಸಕರು ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಂಡು, ಸದ್ದನ್ನು ಬಾಯಿಪಾಠ ಮಾಡಿ, ಇಂಗ್ಲಿಷ್ ಕಾಗುಣಿತವನ್ನು ಬೇರೆಯಾಗಿ ಉರು ಹೊಡೆದು ಪರೀಕ್ಷೆ ಬರೆದಿದ್ದಳು.

“ಪ್ರೊಪೋರ್ಷನಲ್ ಎಂದರೇನು?” ಎಂದೆ.

ಸುಮ್ಮನಿದ್ದಳು. ಒತ್ತಾಯಿಸಲಿಲ್ಲ. ಅವಳ ಕಡೆಗೆ ನೀರಿನ ಲೋಟ ಸರಿಸಿ, ಕನ್ನಡದಲ್ಲಿ ಬೇರೆಯದೇ ಪ್ರಶ್ನೆ ಕೇಳಿದೆ: “ಸೈಕಲ್ ಡೈನಮೋ ನೋಡಿದ್ದೀಯಾ?”

“ಸೈಕಲ್ಲಿನದು ನೋಡಿಲ್ಲ. ಬೋಟಿನದು ಗೊತ್ತು. ಇಂಜಿನ್ ತಿರುಗಿದರೆ ಬೆಲ್ಟು ಡೈನಮೋವನ್ನು ತಿರುಗಿಸುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತದೆ. ಬೆಲ್ಟು ಸಡಿಲವಾದರೆ ಚಾರ್ಜ್ ಆಗುವುದಿಲ್ಲ. ಹಳೇ ಬೋಟಿನಲ್ಲಿ ಇಂಜಿನ್ ನಿಧಾನ ಇದ್ದಾಗ ಲೈಟು ಮಂಕು, ವೇಗ ಕೊಟ್ಟರೆ ಪ್ರಖರ.”

“ವೇಗ ಕೊಟ್ಟರೆ ಯಾಕೆ ಪ್ರಖರ?”

“ಒಳಗಿನ ಅಯಸ್ಕಾಂತ ಜೋರಾಗಿ ತಿರುಗುತ್ತದಲ್ಲ.”

“ಅಯಸ್ಕಾಂತದ ಪ್ರಭಾವ ಬೇಗ ಬೇಗ ಬದಲಾದಷ್ಟೂ ಹುಟ್ಟುವ ವಿದ್ಯುತ್ ಹೆಚ್ಚು. ನೀನು ಇಲ್ಲಿ ಬರೆದುಕೊಂಡ ಸಾಲಿನ ಅರ್ಥ ಅದೇ.”

ಅವಳು ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಸಾಲಿನ ಕೆಳಗೆ ಬೆರಳಿಟ್ಟು, ಕೆಂಪು ಗೀರುಗಳಲ್ಲಿ ನಿಲ್ಲುತ್ತ, ತುಟಿಯಲ್ಲೇ ಓದಿದಳು. ಎರಡನೆಯ ಸಲ ಓದಿದಳು. ಆಮೇಲೆ ತಲೆಯೆತ್ತಿ ಕೇಳಿದಳು: “ಇದು ಅದೇನಾ ಮೇಡಂ?”

ಉತ್ತರಕ್ಕೆ ಕಾಯಲಿಲ್ಲ. ಪುಟದ ಮೇಲೆ ಕಣ್ಣೀರು ಬಿದ್ದು ಶಾಯಿ ಹರಡಿತು. ಅದನ್ನು ಅಂಗೈಯಿಂದ ಒರೆಸಲು ಹೋಗಿ ಇನ್ನಷ್ಟು ಹರಡಿತು. “ನನಗೆ ಗೊತ್ತಿದ್ದದ್ದನ್ನೇ ನಾನು ಎರಡು ವರ್ಷ ಬಾಯಿಪಾಠ ಮಾಡಿದೆನಲ್ಲ” ಎಂದಳು.

ಆ ಮಾತಿನಿಂದ ನಾನು ಇನ್ನೂ ಹೊರಗೆ ಬಂದಿಲ್ಲ. ಉಪನ್ಯಾಸಕರನ್ನು ದೂರುವುದು ಸುಲಭ. ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಪಟ್ಟಿ, ಅವರ ಕಷ್ಟವನ್ನೂ ಬಲ್ಲೆ. ಆದರೆ ಹತ್ತು ವರ್ಷ ಕನ್ನಡದಲ್ಲಿ ಯೋಚಿಸಲು ಕಲಿತ ಮಗುವನ್ನು ಒಂದು ಬೇಸಿಗೆ ರಜೆಯಲ್ಲಿ ಇಂಗ್ಲಿಷಿಗೆ ದಾಟಿಸಿ, ದಾಟಲಾಗದಿದ್ದಾಗ ‘ಇವಳಿಗೆ ವಿಜ್ಞಾನ ಹತ್ತುವುದಿಲ್ಲ’ ಎಂದು ಬರೆದುಬಿಡುವುದು ಅನ್ಯಾಯ. ಹತ್ತದೆ ಹೋದದ್ದು ಭಾಷೆ.

ಅಳು ನಿಂತ ಮೇಲೆ ಉಳಿದದ್ದು ತಾನಾಗಿ ಹೊರಬಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ ನಿಂತು ದುರಸ್ತಿಯಾಗುವ ಕಾಲ ಅದು. ವೈರಿಂಗ್ ಮಾಡಲು ಬರುತ್ತಿದ್ದವರಿಗೆ ಎರಡು ಮಳೆಗಾಲ ಟಾರ್ಚು ಹಿಡಿದು ನಿಂತಿದ್ದಳಂತೆ. ಉಪ್ಪುನೀರಿಗೆ ತಾಮ್ರದ ತಂತಿ ಹಸಿರುಗಟ್ಟುವುದು, ಮಲ್ಟಿಮೀಟರಿನ ಮುಳ್ಳು ಯಾವಾಗ ಅಲುಗುವುದಿಲ್ಲ ಎಂಬುದು, ಎಲ್ಲವನ್ನೂ ಕೈಯಾಡಿಸಿ ತೋರಿಸುತ್ತ ಹೇಳಿದಳು. ಓಡಿಹೋಗಲು ಹವಣಿಸುವವಳ ಮುಖ ಅದಾಗಿರಲಿಲ್ಲ. ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ಮೂರನೆಯ ಭೇಟಿ ಮಾವನ ಜೊತೆ. ಅವರು ವ್ಯಾಪಾರಸ್ಥರು, ಲೆಕ್ಕದಲ್ಲಿಯೇ ಮಾತಾಡಿದೆ. ಬಿಳಿ ಹಾಳೆಯ ಮೇಲೆ ಎರಡು ಸಾಲು ಬರೆದೆ. ಅವರ ದಾರಿ: ಪಿಯುಸಿ ಮತ್ತೆ ಒಂದು ವರ್ಷ, ಇಂಜಿನಿಯರಿಂಗ್ ನಾಲ್ಕು ವರ್ಷ, ಒಟ್ಟು ಐದು. ಅವಳ ದಾರಿ: ಎಸ್ಸೆಸ್ಸೆಲ್ಸಿ ಆಧಾರದ ಮೇಲೆ ಎರಡು ವರ್ಷದ ಐಟಿಐ, ಅಲ್ಲಿಂದ ಡಿಪ್ಲೊಮಾದ ನೇರ ಎರಡನೆಯ ವರ್ಷಕ್ಕೆ ಪ್ರವೇಶ, ಎರಡು ವರ್ಷ, ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಪ್ಲೊಮಾ ಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ, ಮೂರು ವರ್ಷ. ಒಟ್ಟು ಏಳು.

“ಐದು ಎಲ್ಲಿ, ಏಳು ಎಲ್ಲಿ ಮೇಡಂ?” ಎಂದರು. ಐಟಿಐಯಿಂದ ಇಂಜಿನಿಯರಿಂಗ್‌ವರೆಗೆ ದಾರಿ ಇದೆಯೆಂಬುದೇ ಅವರಿಗೆ ಅಂದು ಹೊಸ ಸುದ್ದಿ. ಆದರೂ ತಕರಾರು ನ್ಯಾಯವಾದದ್ದೇ.

ಹೇಳಿದೆ: ಐದು ವರ್ಷದ ದಾರಿಯಲ್ಲಿ ಮೊದಲ ವರ್ಷ ಮುಗ್ಗರಿಸಿದರೆ ಅವಳ ಕೈಯಲ್ಲಿ ಉಳಿಯುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮಾತ್ರ. ಏಳು ವರ್ಷದ ದಾರಿಯಲ್ಲಿ ಎರಡು ವರ್ಷಕ್ಕೆ ದೇಶವಿಡೀ ನಡೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆಯುತ್ತ ತರಬೇತಿಗೆ ಹೋಗಬಹುದು. ನಿಮ್ಮ ಕಾರವಾರದ ನೌಕಾನೆಲೆಯ ಹಡಗು ದುರಸ್ತಿ ಯಾರ್ಡು ಐಟಿಐ ಆದವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಕೈಗಾದಂಥ ಅಣುಸ್ಥಾವರಗಳನ್ನು ನಡೆಸುವ ನಿಗಮವೂ ಐಟಿಐ ಆದವರನ್ನು ತರಬೇತಿ ಭತ್ಯೆ ಕೊಟ್ಟು ಸೇರಿಸಿಕೊಳ್ಳುತ್ತದೆ. ನಾಲ್ಕು ವರ್ಷಕ್ಕೆ ಡಿಪ್ಲೊಮಾ. ಒಂದು ಮೀನಿನ ಹಂಗಾಮು ಕೈಕೊಟ್ಟು ನಿಮ್ಮ ಅಂಗಡಿಯೂ ಸೊರಗಿದರೆ, ಅವಳು ಎಲ್ಲಿ ನಿಂತಿದ್ದಾಳೋ ಅಲ್ಲಿ ದುಡಿಯುತ್ತ ನಿಂತು, ಮತ್ತೆ ಮುಂದೆ ಹೊರಡಬಹುದು.

ಅವರು ಹಾಳೆಯನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡು, ಏನೂ ಹೇಳದೆ ಹೋದರು. ಹತ್ತು ದಿನ ಬಿಟ್ಟು ಫೋನು ಬಂತು: “ಅರ್ಜಿ ಎಲ್ಲಿ ಹಾಕಬೇಕು?”

ಈ ಸಲಹೆಗೆ ನನ್ನ ಬಳಗದಲ್ಲಿಯೇ ಆಕ್ಷೇಪ ಬಂದಿದೆ. ಒಬ್ಬ ಹಿರಿಯ ಉಪನ್ಯಾಸಕರು ನೇರವಾಗಿ ಕೇಳಿದರು: “ಬೋಟಿಗೆ ಹೋಗುವವರ ಮಗಳಿಗೆ ಐಟಿಐ, ಡಾಕ್ಟರ ಮಗಳು ನಪಾಸಾದರೆ ಟ್ಯೂಷನ್. ನೀವೂ ಹೀಗೇ ಮಾಡಿದರೆ ಹೇಗೆ?” ಪ್ರಶ್ನೆ ಚುಚ್ಚಿತು, ಯಾಕೆಂದರೆ ಹಾಗೆ ಮಾಡಿದ ಪಾಪ ನನ್ನ ಲೆಕ್ಕದಲ್ಲಿದೆ. ವರ್ಷಗಳ ಹಿಂದೆ ಒಬ್ಬ ಹುಡುಗನಿಗೆ ‘ಫಿಟ್ಟರ್ ಮುಗಿಸು, ಬೇಗ ಕೆಲಸ ಸಿಗುತ್ತದೆ’ ಎಂದಷ್ಟೇ ಹೇಳಿ ಕಳುಹಿಸಿದ್ದೆ. ಮುಂದಿನ ಮೆಟ್ಟಿಲುಗಳನ್ನು ಹೇಳಲಿಲ್ಲ. ಅವನ ಮನೆಯ ಸ್ಥಿತಿ ನೋಡಿ, ಅವನಿಗೆ ಅವು ಬೇಕಾಗಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಜೊತೆಗಾರನೊಬ್ಬನಿಂದ ಅವನಿಗೆ ಡಿಪ್ಲೊಮಾ ದಾರಿ ತಿಳಿಯುವ ಹೊತ್ತಿಗೆ ಅವನಿಗೆ ಮದುವೆಯಾಗಿ ಮಗುವಿತ್ತು. ಜಾತ್ರೆಯಲ್ಲಿ ಸಿಕ್ಕಾಗ ಸಿಟ್ಟಿಲ್ಲದೆ ಕೇಳಿದ: “ಅಂದೇ ಹೇಳಿದ್ದರೆ ಆಗುತ್ತಿತ್ತಲ್ಲವೇ ಮೇಡಂ?” ಅಂದಿನಿಂದ, ಐಟಿಐ ಎಂಬ ಮಾತು ನನ್ನ ಬಾಯಿಂದ ಬಂದರೆ ಪೂರ್ತಿ ದಾರಿಯನ್ನು ಹಾಳೆಯ ಮೇಲೆ ಬರೆದುಕೊಡದೆ ಯಾರನ್ನೂ ಕಳುಹಿಸಿಲ್ಲ. ಹತ್ತುವುದು ಬಿಡುವುದು ಅವರ ಇಷ್ಟ. ಡಾಕ್ಟರ ಮಗಳಿಗೂ ಅದೇ ಹಾಳೆ.

ಇನ್ನೊಂದು ಆಕ್ಷೇಪ, ಎಸ್ಸೆಸ್ಸೆಲ್ಸಿ ಅಂಕದ ಮೇಲೆ ನೇರ ಡಿಪ್ಲೊಮಾಕ್ಕೆ ಏಕೆ ಸೇರಿಸಲಿಲ್ಲ ಎಂಬುದು. ಮೂರು ವರ್ಷ ಡಿಪ್ಲೊಮಾ, ಮೂರು ವರ್ಷ ಇಂಜಿನಿಯರಿಂಗ್, ಆರಕ್ಕೇ ಮುಗಿಯುತ್ತದೆ. ಬಹಳ ಮಕ್ಕಳಿಗೆ ನಾನು ಹೇಳುವುದೂ ಅದನ್ನೇ. ಹತ್ತನೆಯ ತರಗತಿ ಮುಗಿಸಿ ನೇರ ಬಂದವರಿಗಂತೂ ಅದು ಬಲು ಒಳ್ಳೆಯ ದಾರಿ: ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಇಂಜಿನಿಯರಿಂಗ್ ಕೂಡಿಸಿದರೂ ಆರೇ ಆಗುತ್ತದೆ, ಒಂದು ದಿನವೂ ನಷ್ಟವಿಲ್ಲ. ಆದರೆ ಸುಮಾಳ ಗಾಯ ಇಂಗ್ಲಿಷ್ ಪಠ್ಯದಿಂದಲೇ ಆದದ್ದು. ಮರುವಾರವೇ ಮತ್ತೊಂದು ಇಂಗ್ಲಿಷ್ ತರಗತಿಯಲ್ಲಿ ಕೂರಿಸಿದ್ದರೆ ಅದೇ ಕೆಂಪು ಗೀರುಗಳ ನೋಟುಪುಸ್ತಕ ಮತ್ತೆ ಶುರುವಾಗುತ್ತಿತ್ತು. ಕನ್ನಡದಲ್ಲಿ ಹೇಳಿಕೊಡುವ, ಹೆಚ್ಚಿನ ಹೊತ್ತು ಕೈಯಿಂದಲೇ ಮಾಡಿಸುವ ಕಡೆ ಎರಡು ವರ್ಷ ಇದ್ದರೆ ಗೊತ್ತಿದ್ದದ್ದು ಗೊತ್ತಿದೆ ಎಂಬ ಧೈರ್ಯ ಬರುತ್ತದೆ. ಆ ಒಂದು ವರ್ಷವನ್ನು ನಾನು ತಿಳಿದೇ ಖರ್ಚು ಮಾಡಿಸಿದೆ. ತಪ್ಪೆನ್ನುವವರು ಅನ್ನಲಿ.

ಸಲಹೆಗೆ ಷರತ್ತುಗಳಿದ್ದವು. ಟ್ರೇಡು, ಅಂದರೆ ಐಟಿಐಯಲ್ಲಿ ಆರಿಸಿಕೊಳ್ಳುವ ಕಸುಬು, ಎರಡು ವರ್ಷದ್ದೇ ಆಗಬೇಕು. ವೆಲ್ಡರ್‌ನಂಥ ಒಂದು ವರ್ಷದ ಟ್ರೇಡುಗಳು ಕೆಲಸಕ್ಕೆ ಒಳ್ಳೆಯವೇ, ಆದರೆ ಡಿಪ್ಲೊಮಾದ ಎರಡನೆಯ ವರ್ಷದ ಬಾಗಿಲು ಅವುಗಳಿಂದ ತೆರೆಯುವುದಿಲ್ಲ. ಇದನ್ನು ತಿಳಿಯದೆ ಸೇರಿ ಪರಿತಪಿಸಿದವರನ್ನು ಕಂಡಿದ್ದೇನೆ. ಟ್ರೇಡಿಗೂ ಮುಂದಿನ ಡಿಪ್ಲೊಮಾ ವಿಭಾಗಕ್ಕೂ ಹೊಂದಾಣಿಕೆ ಇರಬೇಕು. ಹಾಗಾಗಿ ಎಲೆಕ್ಟ್ರಿಷಿಯನ್. ಸರ್ಕಾರಿ ಐಟಿಐಯಲ್ಲಿ ಸೀಟು ಸಿಗುವವರೆಗೆ ಖಾಸಗಿಯವರ ಚೀಟಿ ನೋಡಬೇಡಿ ಎಂದೂ ಹೇಳಿದ್ದೆ; ಸಿಕ್ಕಿತು. ಎರಡು ವರ್ಷದ ಐಟಿಐ ಆದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪಿಯುಸಿಗೆ ಸಮನಾದ ಪ್ರಮಾಣಪತ್ರ ಪಡೆದು ಪದವಿಗೆ ಹೋಗುವ ದಾರಿಯೂ ಇದೆ. ನಾಳೆ ಮನಸ್ಸು ಬದಲಾದರೆ ಇರಲಿ ಎಂದು ಹಾಳೆಯ ಅಂಚಿನಲ್ಲಿ ಅದನ್ನೂ ಬರೆದೆ.

ಎಲ್ಲಕ್ಕಿಂತ ಬಿಗಿಯಾದ ಷರತ್ತು ಗಣಿತದ್ದು. ಈ ದಾರಿಯಲ್ಲಿ ಬಂದವರು ಬೀಳುವುದು ಕೈಕೆಲಸದಲ್ಲಲ್ಲ, ಇಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ. ಪಿಯುಸಿಯವರು ಕಲಿತುಬಂದ ಕಲನಶಾಸ್ತ್ರ ಇವರಿಗೆ ಅಷ್ಟಾಗಿ ಆಗಿರುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಡಿಪ್ಲೊಮಾದಿಂದ ಬಂದವರಿಗೆ ಬಹುಕಾಲ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಕಡ್ಡಾಯ ಮಾಡಿದ್ದು ಅದಕ್ಕಾಗಿಯೇ. ‘ಐಟಿಐ ಮಾಡಿದರೆ ಸುಲಭವಾಗಿ ಇಂಜಿನಿಯರ್ ಆಗಬಹುದು’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ದಾರಿ ಇದೆ, ಏರು ಇದೆ. ಅದಕ್ಕೇ ಐಟಿಐ ಸೇರಿದ ಮೊದಲ ದಿನದಿಂದ ದಿನಕ್ಕೆ ಅರ್ಧ ಗಂಟೆ ಗಣಿತ, ಅರ್ಧ ಗಂಟೆ ಇಂಗ್ಲಿಷ್ ಎಂದು ಮಾತು ತೆಗೆದುಕೊಂಡೆ. ಇಂಗ್ಲಿಷನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಬರೆಯಬೇಕು, ಪ್ರತಿ ಸಾಲಿನ ಕೆಳಗೆ ಅದರ ಅರ್ಥವನ್ನು ತನ್ನ ಕನ್ನಡದಲ್ಲಿ ಬರೆಯಬೇಕು.

ಸುಮಾ ಈಗ ಎರಡನೆಯ ವರ್ಷ ಮುಗಿಸುತ್ತಿದ್ದಾಳೆ. ತರಗತಿಯಲ್ಲಿ ಹುಡುಗಿಯರು ಇವಳೂ ಸೇರಿ ಮೂವರು. ಮೋಟಾರ್ ವೈಂಡಿಂಗ್‌ನಲ್ಲಿ ಅವಳ ಕೈ ಚೆನ್ನಾಗಿದೆ ಎಂದು ತರಬೇತುದಾರರು ಹೇಳಿದ್ದಾರೆ. ಗಣಿತ ಇನ್ನೂ ಕುಂಟುತ್ತಿದೆ ಎಂದು ಅವಳೇ ಹೇಳುತ್ತಾಳೆ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ನನ್ನಲ್ಲಿಗೆ ಬರುತ್ತಾಳೆ. ನಿವೃತ್ತ ಗಣಿತ ಶಿಕ್ಷಕರೊಬ್ಬರು ಹಣ ಕೇಳದೆ ಎರಡು ಗಂಟೆ ಕೂರಿಸಿಕೊಳ್ಳುತ್ತಾರೆ. ತ್ರಿಕೋನಮಿತಿ ಒಂದು ಹಂತಕ್ಕೆ ಬಂದಿದೆ. ಲಾಗರಿದಮ್ ಮೂರು ವಾರದಿಂದ ಅಲ್ಲೇ ನಿಂತಿದೆ, ಈ ಶನಿವಾರ ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ.