ಚಿತ್ರ ಒಂದೇ, ಬ್ರೌಸರ್ ಹಲವು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವೆಬ್ ಡಿಸೈನ್ ತಂತ್ರಾಂಶವೊಂದನ್ನು ಬಳಸಿ ಸಣ್ಣದೊಂದು ಜಾಲತಾಣವನ್ನು ರೂಪಿಸಿದ್ದೇನೆ. ತಂತ್ರಾಂಶದ ಪ್ರಿವ್ಯೂನಲ್ಲಿಯೂ ನನ್ನ ಕಂಪ್ಯೂಟರಿನ ಕ್ರೋಮ್‌ನಲ್ಲಿಯೂ ಚಿತ್ರಗಳೆಲ್ಲ ಸರಿಯಾಗಿ ಕಾಣುತ್ತವೆ. ಆದರೆ ಸಂಬಂಧಿಕರೊಬ್ಬರ ಐಫೋನ್ 6ರಲ್ಲಿ ಚಿತ್ರಗಳ ಜಾಗ ಖಾಲಿ ಇರುತ್ತದೆ. ಅದೇ ಫೋನಿನಲ್ಲಿ ಕ್ರೋಮ್ ಹಾಕಿಕೊಂಡು ನೋಡಿದರೂ ಪ್ರಯೋಜನವಾಗಲಿಲ್ಲ. ಎಕ್ಸ್‌ಪೋರ್ಟ್ ಆಗಿರುವ ಚಿತ್ರಗಳೆಲ್ಲ ವೆಬ್‌ಪಿ ಕಡತಗಳು. ತಪ್ಪು ಫೋನಿನದೋ, ತಂತ್ರಾಂಶದ್ದೋ?

ಉತ್ತರ: ಫೋನು ಕೆಟ್ಟಿಲ್ಲ. ವೆಬ್‌ಪಿ ಎಂಬ ಚಿತ್ರ ನಮೂನೆಯನ್ನು (ಫಾರ್ಮ್ಯಾಟ್) ಗೂಗಲ್ 2010ರಲ್ಲಿ ಪ್ರಕಟಿಸಿತು. ಫೈರ್‌ಫಾಕ್ಸ್ ಅದನ್ನು ಒಪ್ಪಿಕೊಂಡದ್ದು 2019ರ ಆರಂಭದಲ್ಲಿ, ಐಫೋನಿನ ಸಫಾರಿ ಒಪ್ಪಿಕೊಂಡದ್ದು 2020ರಲ್ಲಿ ಐಒಎಸ್ 14ರೊಂದಿಗೆ. ಐಫೋನ್ 6 ಐಒಎಸ್ 12ರಿಂದ ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಅದಕ್ಕೆ ವೆಬ್‌ಪಿ ಓದಲು ಬರುವುದಿಲ್ಲ. ಕ್ರೋಮ್ ಹಾಕಿದರೂ ಉಪಯೋಗವಾಗದಿರುವುದಕ್ಕೆ ಕಾರಣವಿದೆ: ಆ ಫೋನಿನಲ್ಲಿ ಹೆಸರು ಯಾವುದೇ ಇರಲಿ, ಎಲ್ಲ ಬ್ರೌಸರುಗಳೂ ಪುಟವನ್ನು ತೋರಿಸಲು ಆಪಲ್‌ನ ವೆಬ್‌ಕಿಟ್ ಎಂಜಿನ್ನನ್ನೇ ಬಳಸಬೇಕು.

ಕೊರತೆ ಇರುವುದು ಎಕ್ಸ್‌ಪೋರ್ಟ್ ಮಾಡಿದ ರೀತಿಯಲ್ಲಿ. ಪ್ರಿವ್ಯೂ ನಿಮ್ಮನ್ನು ಎಚ್ಚರಿಸಲಿಲ್ಲ, ಏಕೆಂದರೆ ಇಂಥ ಹಲವು ತಂತ್ರಾಂಶಗಳ ಪ್ರಿವ್ಯೂ ಕಿಟಕಿಯೊಳಗೆ ಕೆಲಸ ಮಾಡುವುದು ಕ್ರೋಮ್‌ನದೇ ಮೂಲವಾದ ಕ್ರೋಮಿಯಂ. ಪ್ರಿವ್ಯೂನಲ್ಲಿ ನೋಡಿ, ಮತ್ತೆ ಕ್ರೋಮ್‌ನಲ್ಲಿ ನೋಡಿದರೆ ಒಂದೇ ಬ್ರೌಸರಿನಲ್ಲಿ ಎರಡು ಸಲ ನೋಡಿದಂತಾಯಿತೇ ಹೊರತು ಎರಡು ಬ್ರೌಸರುಗಳಲ್ಲಿ ಪರೀಕ್ಷಿಸಿದಂತಾಗಲಿಲ್ಲ.

ಪರಿಹಾರವು ಪುಟವನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಇದೆ. ಪಿಕ್ಚರ್ ಎಂಬ ಟ್ಯಾಗ್‌ನೊಳಗೆ ಒಂದೇ ಚಿತ್ರದ ಹಲವು ಪ್ರತಿಗಳನ್ನು ಸೋರ್ಸ್ ಎಂಬ ಸಾಲುಗಳಲ್ಲಿ ಕೊಟ್ಟು, ಕಟ್ಟಕಡೆಯಲ್ಲಿ ಮಾಮೂಲಿ ಇಮೇಜ್ ಟ್ಯಾಗ್‌ನಲ್ಲಿ ಜೆಪೆಗ್ ಅಥವಾ ಪಿಎನ್‌ಜಿ ಪ್ರತಿಯನ್ನು ಇಡಬಹುದು. ಬ್ರೌಸರು ಮೇಲಿನಿಂದ ಕೆಳಗೆ ಓದುತ್ತಾ ಹೋಗಿ ತನಗೆ ಗೊತ್ತಿರುವ ಮೊದಲ ನಮೂನೆಯನ್ನು ಎತ್ತಿಕೊಳ್ಳುತ್ತದೆ. ಅದು ಕಡತಗಳ ಗಾತ್ರವನ್ನು ಹೋಲಿಸಿ ನೋಡುವುದಿಲ್ಲ. ಆದ್ದರಿಂದ ವೆಬ್‌ಪಿಗಿಂತಲೂ ಹೊಸದಾದ ಆವಿಫ್ ನಮೂನೆಯ ಪ್ರತಿ ಮೊದಲು, ವೆಬ್‌ಪಿ ಆಮೇಲೆ, ಜೆಪೆಗ್ ಕೊನೆಗೆ ಎಂಬ ಕ್ರಮವನ್ನು ನಾವೇ ಪಾಲಿಸಬೇಕು. ಪಿಕ್ಚರ್ ಎಂದರೇನೆಂದೇ ತಿಳಿಯದಷ್ಟು ಹಳೆಯ ಬ್ರೌಸರು ಕೂಡ ಒಳಗಿನ ಇಮೇಜ್ ಟ್ಯಾಗನ್ನು ಗುರುತಿಸಿ ಜೆಪೆಗ್ ಪ್ರತಿಯನ್ನು ತೋರಿಸುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಅಂಶವೇ ಇದು: ಹೊಸದು ಬಂದಿತೆಂದು ಹಳೆಯ ಸಾಧನವಿರುವವರನ್ನು ಹೊರಗಿಡಬೇಕಾಗಿಲ್ಲ.

ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು. ಪ್ರತಿಯೊಂದು ಸೋರ್ಸ್ ಸಾಲಿನಲ್ಲಿಯೂ ಟೈಪ್ ಎಂಬ ಗುಣವನ್ನು ಬರೆದು ಇದು ವೆಬ್‌ಪಿ, ಇದು ಆವಿಫ್ ಎಂದು ತಿಳಿಸಿರಬೇಕು. ಅದನ್ನು ಬರೆಯದಿದ್ದರೆ ಬ್ರೌಸರಿಗೆ ಮುಂಚಿತವಾಗಿ ನಮೂನೆ ತಿಳಿಯುವುದಿಲ್ಲ. ಅದು ಮೊದಲ ಸಾಲನ್ನೇ ಆರಿಸಿಕೊಂಡು, ಕಡತವನ್ನು ತರಿಸಿ, ಬಿಡಿಸಲಾಗದೆ ಅಲ್ಲಿಗೇ ನಿಲ್ಲುತ್ತದೆ. ಆರಿಸಿದ ಪ್ರತಿ ತೆರೆಯಲಿಲ್ಲವೆಂದು ಅದು ಮುಂದಿನ ಸಾಲಿಗೆ ಹೋಗುವುದಿಲ್ಲ. ಎಷ್ಟೋ ಪುಟಗಳಲ್ಲಿ ಜೆಪೆಗ್ ಪ್ರತಿ ಇದ್ದೂ ಚಿತ್ರ ಕಾಣದಿರುವುದಕ್ಕೆ ಈ ಒಂದು ಪದದ ಕೊರತೆಯೇ ಕಾರಣವಾಗಿರುತ್ತದೆ. ನಿಮ್ಮ ತಂತ್ರಾಂಶ ಬರೆದುಕೊಟ್ಟ ಎಚ್‌ಟಿಎಂಎಲ್ ಅನ್ನು ತೆರೆದು ಇದನ್ನು ಕಣ್ಣಾರೆ ನೋಡಿಕೊಳ್ಳಿ.

ಹಿನ್ನೆಲೆ ಚಿತ್ರಗಳ ವಿಷಯ ಬೇರೆ. ಅವು ಪುಟದ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್ ಮೂಲಕ ಬರುವುದರಿಂದ ಪಿಕ್ಚರ್ ಟ್ಯಾಗ್ ಅಲ್ಲಿ ಕೆಲಸಕ್ಕೆ ಬಾರದು. ಮೊದಲೊಂದು ಸಾಲಿನಲ್ಲಿ ಜೆಪೆಗ್ ಹಿನ್ನೆಲೆಯನ್ನು ಸರಳವಾಗಿ ಬರೆದು, ಅದರ ಕೆಳಗೆ ಇಮೇಜ್-ಸೆಟ್ ಎಂಬ ವಿಧಾನದಲ್ಲಿ ಹೊಸ ನಮೂನೆಗಳನ್ನು ಟೈಪ್ ಸಮೇತ ಬರೆದರೆ, ಅರ್ಥವಾಗುವ ಬ್ರೌಸರು ಎರಡನೆಯದನ್ನು ಬಳಸುತ್ತದೆ, ಅರ್ಥವಾಗದ್ದು ಅದನ್ನು ಬಿಟ್ಟು ಮೊದಲನೆಯದನ್ನೇ ಉಳಿಸಿಕೊಳ್ಳುತ್ತದೆ.

ಕೆಲವು ಹೋಸ್ಟಿಂಗ್ ಸೇವೆಗಳು ಈ ಆಯ್ಕೆಯನ್ನು ಸರ್ವರಿನಲ್ಲಿಯೇ ಮಾಡುತ್ತವೆ. ಬ್ರೌಸರು ಚಿತ್ರವನ್ನು ಕೇಳುವಾಗ ತಾನು ಓದಬಲ್ಲ ನಮೂನೆಗಳನ್ನು ಆಕ್ಸೆಪ್ಟ್ ಎಂಬ ಹೆಡರಿನಲ್ಲಿ (ಕೋರಿಕೆಯ ಜೊತೆ ಹೋಗುವ ಟಿಪ್ಪಣಿ) ತಿಳಿಸುತ್ತದೆ, ಸರ್ವರು ಅದಕ್ಕೆ ತಕ್ಕ ಪ್ರತಿಯನ್ನು ಅದೇ ವಿಳಾಸದಿಂದ ಕಳುಹಿಸುತ್ತದೆ. ಇದು ಅನುಕೂಲಕರವೇ. ಆದರೆ ಕೇಳಿದವರಿಗೆ ತಕ್ಕಂತೆ ಪ್ರತಿ ಬದಲಾಗುತ್ತದೆಂದು ತಿಳಿಸುವ ವೇರಿ ಎಂಬ ಹೆಡರನ್ನು ಉತ್ತರದೊಂದಿಗೆ ಸೇರಿಸದಿದ್ದರೆ, ಪ್ರತಿಗಳನ್ನು ಕೂಡಿಟ್ಟುಕೊಳ್ಳುವ ನಡುವಿನ ಕ್ಯಾಶೆ ಒಬ್ಬರಿಗಾಗಿ ತಂದ ವೆಬ್‌ಪಿ ಪ್ರತಿಯನ್ನೇ ಹಳೆಯ ಫೋನಿನವರಿಗೂ ಕೊಟ್ಟುಬಿಡಬಹುದು.

ಪ್ರಶ್ನೆ: ವೆಬ್‌ಪಿ ಕಡತದ ಹೆಸರಿನ ಕೊನೆಯಲ್ಲಿದ್ದ ಎಕ್ಸ್‌ಟೆನ್ಷನ್ ಅನ್ನು ಜೆಪಿಜಿ ಎಂದು ಬದಲಿಸಿದೆ. ನನ್ನ ಬ್ರೌಸರಿನಲ್ಲಿ ಚಿತ್ರ ತೆರೆಯಿತು. ಪರಿವರ್ತನೆ ಆಯಿತೆಂದು ತಿಳಿಯಬಹುದೇ?

ಉತ್ತರ: ಆಗಿಲ್ಲ, ಹೆಸರು ಮಾತ್ರ ಬದಲಾಗಿದೆ. ಬ್ರೌಸರುಗಳು ಚಿತ್ರದ ವಿಷಯದಲ್ಲಿ ಹೆಸರನ್ನು ನಂಬದೆ ಕಡತದ ಮೊದಲ ಕೆಲವು ಬೈಟುಗಳನ್ನು ನೋಡುತ್ತವೆ. ಜೆಪೆಗ್ ಕಡತ ಎಫ್‌ಎಫ್ ಡಿ8 ಎಂಬ ಎರಡು ಬೈಟುಗಳಿಂದ ಆರಂಭವಾಗುತ್ತದೆ. ವೆಬ್‌ಪಿ ಕಡತದಲ್ಲಿ ಮೊದಲ ನಾಲ್ಕು ಬೈಟುಗಳು ರಿಫ್ ಎಂಬ ನಾಲ್ಕಕ್ಷರದ ಗುರುತು, ಮತ್ತೆ ನಾಲ್ಕು ಬೈಟುಗಳ ಗಾತ್ರ, ಆಮೇಲೆ ವೆಬ್‌ಪಿ ಎಂಬ ಹೆಸರು. ನಿಮ್ಮ ಬ್ರೌಸರಿಗೆ ವೆಬ್‌ಪಿ ಗೊತ್ತಿದ್ದುದರಿಂದ ಅದು ಗುರುತು ಹಿಡಿದು ತೆರೆಯಿತು. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಕಾಣುವ ಟೈಪ್ ಕೂಡ ಸರ್ವರು ಎಕ್ಸ್‌ಟೆನ್ಷನ್ ನೋಡಿ ಹೇಳಿದ ಮಾತಾಗಿರಬಹುದು. ಮೂಲ ಚಿತ್ರವನ್ನು ತಂತ್ರಾಂಶದಲ್ಲಿ ತೆರೆದು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವುದೊಂದೇ ದಾರಿ.

ಪ್ರಶ್ನೆ: ಫೋನಿನಲ್ಲಿ ತೆಗೆದ ಫೋಟೊಗಳ ಬಣ್ಣ ಜಾಲತಾಣಕ್ಕೆ ಬಂದ ಮೇಲೆ ಕಳೆಗುಂದುತ್ತದೆ. ಯಾವ ಬ್ರೌಸರಿನಲ್ಲಿ ನೋಡಿದರೂ ಹೀಗೆಯೇ. ನಮೂನೆ ಬದಲಿಸಬೇಕೇ?

ಉತ್ತರ: ನಮೂನೆಗಿಂತ ಮೊದಲು ಕಲರ್ ಪ್ರೊಫೈಲ್ ಕಡೆ ಗಮನ ಕೊಡಿ. ಈಗಿನ ಹಲವು ಫೋನುಗಳು ಡಿಸ್‌ಪ್ಲೇ ಪಿ3 ಎಂಬ ವಿಸ್ತಾರವಾದ ಬಣ್ಣವಲಯದಲ್ಲಿ ಫೋಟೊ ಉಳಿಸಿ, ಆ ವಿವರವನ್ನು ಕಡತದೊಳಗೆ ಪ್ರೊಫೈಲ್ ಆಗಿ ಬರೆದಿಡುತ್ತವೆ. ಗಾತ್ರ ತಗ್ಗಿಸುವ ಭರದಲ್ಲಿ ತಂತ್ರಾಂಶ ಆ ಪ್ರೊಫೈಲನ್ನು ಕಿತ್ತುಹಾಕಿದರೆ, ಬ್ರೌಸರು ಅದೇ ಅಂಕಿಗಳನ್ನು ಅದಕ್ಕಿಂತ ಕಿರಿದಾದ, ಮಾಮೂಲಿ ಬಣ್ಣವಲಯವಾದ ಎಸ್‌ಆರ್‌ಜಿಬಿ ಎಂದು ಭಾವಿಸಿ ಓದುತ್ತದೆ. ಕೆಂಪು, ಹಸಿರುಗಳು ಸಪ್ಪೆಯಾಗುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿಗೆ ಪರಿವರ್ತಿಸುವ ಆಯ್ಕೆಯನ್ನು ಹಾಕಿ, ಇಲ್ಲವೇ ಪ್ರೊಫೈಲನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಸಂಸ್ಥೆಯ ಲಾಂಛನವನ್ನು ಎಸ್‌ವಿಜಿ ಮಾಡಿ ಹಾಕಿದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿದೆ, ಬೇರೆಯವರಲ್ಲಿ ಅಕ್ಷರಗಳ ರೂಪವೇ ಬದಲಾಗಿದೆ.

ಉತ್ತರ: ಲಾಂಛನಕ್ಕೆ ಎಸ್‌ವಿಜಿ ಆರಿಸಿದ್ದು ಸರಿಯಾಗಿಯೇ ಇದೆ, ಅದು ಚಿತ್ರವನ್ನು ಚುಕ್ಕಿಗಳಾಗಿ ಅಲ್ಲದೆ ಗೆರೆ, ಆಕಾರಗಳ ವಿವರವಾಗಿ ಉಳಿಸುವ ನಮೂನೆಯಾದ್ದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಆದರೆ ಇಮೇಜ್ ಟ್ಯಾಗ್ ಮೂಲಕ ಬರುವ ಎಸ್‌ವಿಜಿಗೆ ಹೊರಗಿನ ಫಾಂಟ್ ಕಡತವನ್ನು ತರಿಸಿಕೊಳ್ಳುವ ಅವಕಾಶವನ್ನು ಬ್ರೌಸರುಗಳು ಕೊಡುವುದಿಲ್ಲ. ಪುಟದಲ್ಲಿ ಅದೇ ವೆಬ್‌ಫಾಂಟ್ ಇದ್ದರೂ ಚಿತ್ರದೊಳಗೆ ಅದು ತಲುಪದು. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಿರುವುದರಿಂದ ನಿಮಗೆ ಮಾತ್ರ ಸರಿಯಾಗಿ ಕಾಣುತ್ತಿದೆ. ಎಕ್ಸ್‌ಪೋರ್ಟ್‌ಗೆ ಮುಂಚೆ ಅಕ್ಷರಗಳನ್ನು ಔಟ್‌ಲೈನ್‌ಗೆ (ಫಾಂಟ್ ಬೇಡದ ಬರಿಯ ಆಕಾರಗಳಿಗೆ) ಪರಿವರ್ತಿಸಿ, ತಿದ್ದಲು ಬರುವ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಆವಿಫ್ ಎಲ್ಲಕ್ಕಿಂತ ಚಿಕ್ಕದೆನ್ನುತ್ತಾರೆ. ಹಳೆಯ ಜೆಪೆಗ್‌ಗಳನ್ನೆಲ್ಲ ಆವಿಫ್ ಮಾಡಿ, ಮೂಲವನ್ನು ಅಳಿಸಿ ಜಾಗ ಉಳಿಸಬಹುದೇ?

ಉತ್ತರ: ದಯವಿಟ್ಟು ಅಳಿಸಬೇಡಿ. ಜೆಪೆಗ್ ಮಾಡುವಾಗಲೇ ಚಿತ್ರದ ಒಂದಷ್ಟು ವಿವರ ಹೋಗಿರುತ್ತದೆ. ಅದನ್ನು ಆವಿಫ್‌ಗೆ ಬದಲಿಸಿದಾಗ ಇನ್ನಷ್ಟು ಹೋಗುತ್ತದೆ, ಹೋದದ್ದು ಹಿಂದಿರುಗುವುದಿಲ್ಲ. ಸಾಧ್ಯವಿದ್ದಲ್ಲಿ ಕ್ಯಾಮೆರಾದಿಂದ ಬಂದ ದೊಡ್ಡ ಪ್ರತಿಯಿಂದಲೇ ಪ್ರತಿಯೊಂದು ನಮೂನೆಯನ್ನು ನೇರವಾಗಿ ತಯಾರಿಸಬೇಕು.

ಆವಿಫ್ ಒಳ್ಳೆಯ ನಮೂನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕ್ರೋಮ್ ಅದನ್ನು 2020ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ, ಸಫಾರಿ 2022ರಲ್ಲಿ ಸೇರಿಸಿಕೊಂಡವು. ಕ್ರೋಮಿಯಂ ಮೇಲೆಯೇ ನಿಂತಿದ್ದರೂ ಮೈಕ್ರೋಸಾಫ್ಟ್ ಎಡ್ಜ್ ಮಾತ್ರ 2024ರ ಆರಂಭದವರೆಗೆ ಸುಮ್ಮನಿತ್ತು. ಎಂಜಿನ್ ಒಂದೇ ಆದ ಮಾತ್ರಕ್ಕೆ ನಮೂನೆಗಳೂ ಒಂದೇ ಎಂದುಕೊಳ್ಳಬಾರದು ಎಂಬುದಕ್ಕೆ ಇದು ಸಾಕ್ಷಿ. ಜೆಪೆಗ್ ಎಕ್ಸ್‌ಎಲ್ ಎಂಬ ಇನ್ನೊಂದು ಹೊಸ ನಮೂನೆಯ ಕಥೆ ಇನ್ನೂ ವಿಚಿತ್ರ: ಪ್ರಯೋಗಕ್ಕೆಂದು ಸೇರಿಸಿದ್ದ ಬೆಂಬಲವನ್ನು ತೆಗೆದುಹಾಕುವುದಾಗಿ ಕ್ರೋಮ್ ತಂಡ 2022ರಲ್ಲಿ ಪ್ರಕಟಿಸಿತು, ಮರುವರ್ಷವೇ ಸಫಾರಿ 17 ಅದನ್ನು ಸೇರಿಸಿಕೊಂಡಿತು. ಬೆಂಬಲ ಹೀಗೆ ಏರುಪೇರಾಗುತ್ತಿರುವಾಗ ಇರುವ ಒಂದೇ ಪ್ರತಿಯನ್ನು ಹೊಸ ನಮೂನೆಯಲ್ಲಿ ಇಡುವುದನ್ನು ನಾನು ಒಪ್ಪಲಾರೆ.

ಇನ್ನು ಸ್ಕ್ರೀನ್‌ಶಾಟ್, ನಕ್ಷೆ, ತೆಳು ಗೆರೆಯ ಚಿತ್ರಗಳಿಗೆ ಪಿಎನ್‌ಜಿ ಅಥವಾ ನಷ್ಟರಹಿತ ವೆಬ್‌ಪಿ ಇರಲಿ. ಫೋಟೊಗಳಿಗೆ ಆವಿಫ್ ಬಳಸುವುದಾದರೆ ಒಂದೆರಡು ಚಿತ್ರಗಳನ್ನು ಮೊದಲು ಮಾಡಿ, ಚರ್ಮ, ಕೂದಲು, ಬಟ್ಟೆಯ ನೇಯ್ಗೆಯಂಥ ಭಾಗಗಳನ್ನು ಹಿಗ್ಗಿಸಿ ನೋಡಿ. ಗುಣಮಟ್ಟವನ್ನು ತೀರಾ ಇಳಿಸಿದಾಗ ಈ ನಮೂನೆ ಮೊದಲು ಅಳಿಸುವುದು ಇಂಥ ಸೂಕ್ಷ್ಮ ವಿವರಗಳನ್ನೇ. ಎಕ್ಸ್‌ಪೋರ್ಟ್‌ಗೆ ಜೆಪೆಗ್‌ಗಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ನೂರಾರು ಚಿತ್ರಗಳಿದ್ದರೆ ತಂತ್ರಾಂಶವನ್ನು ಅದರ ಪಾಡಿಗೆ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು.