ಸ್ಕಾಟ್ಲೆಂಡಿನ ಹಳೆಯ ಪತ್ರಿಕೆಗಳಲ್ಲಿ ರಾಜಕೀಯ ಅಣಕದ ಕವಿತೆಗಳು ಹೇಗಿರುತ್ತಿದ್ದವು?

ಬಹಳಷ್ಟು ಸಲ ಎಲ್ಲರಿಗೂ ಗೊತ್ತಿರುವ ಧಾಟಿಗೆ ಹೊಸ ಮಾತು ಜೋಡಿಸುತ್ತಿದ್ದರು. ನನಗೆ ತುಂಬಾ ಇಷ್ಟವಾದ ಉದಾಹರಣೆ 1822ರದು.

ಆ ವರ್ಷ ಆಗಸ್ಟ್‌ನಲ್ಲಿ ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಸುಮಾರು 170 ವರ್ಷಗಳಿಂದ ಯಾವ ದೊರೆಯೂ ಸ್ಕಾಟ್ಲೆಂಡಿನ ಕಡೆ ತಲೆ ಹಾಕಿರಲಿಲ್ಲ. ಮೆರವಣಿಗೆ, ವೇಷಭೂಷಣದ ಉಸ್ತುವಾರಿಯೆಲ್ಲ ಅಲ್ಲಿನ ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನದು. ದಪ್ಪಗಿದ್ದ ದೊರೆಗೂ ಕಿಲ್ಟ್ (ಅಲ್ಲಿನ ಗಂಡಸರು ಉಡುವ ಲಂಗದಂಥ ಉಡುಪು) ತೊಡಿಸಿದರು! ಒಂದು ಹಳೆಯ ಹಾಡಿನ ಧಾಟಿಯಲ್ಲಿ ಸ್ಕಾಟ್ ಸ್ವಾಗತ ಗೀತೆಯನ್ನೂ ಬರೆದ.

ಗ್ಲಾಸ್ಗೋದಲ್ಲಿದ್ದ ಕೈಮಗ್ಗದ ನೇಕಾರ ಅಲೆಕ್ಸಾಂಡರ್ ರಾಡ್ಜರ್ ಸುಮ್ನೆ ಕೂರಲಿಲ್ಲ. ಅದೇ ಧಾಟಿಗೆ ತನ್ನ ಹಾಡು ಕಟ್ಟಿದ. ದೊರೆ ಬಂದಿದ್ದಾನೆ, ಮಂಡಿಯೂರಿ ಅವನ ಕುಂಡಿಗೆ ಮುತ್ತು ಕೊಡು ಅನ್ನುವುದು ಅದರ ಪಲ್ಲವಿ. ಹಾಡು ಲಂಡನ್ನಿನ 'ಎಕ್ಸಾಮಿನರ್' ಪತ್ರಿಕೆಯಲ್ಲಿ ಅಚ್ಚಾಯಿತು. ಸ್ಕಾಟ್‌ಗೆ ಚೆನ್ನಾಗಿಯೇ ಉರಿಯಿತು. ಪಾಪ ಅನ್ನಿಸುವುದಿಲ್ಲ, ಅಲ್ವಾ?

ರಾಡ್ಜರ್‌ಗೆ ಇದು ಹೊಸದಲ್ಲ. 1819ರಲ್ಲಿ ಗ್ಲಾಸ್ಗೋದ 'ಸ್ಪಿರಿಟ್ ಆಫ್ ದಿ ಯೂನಿಯನ್' ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದ. ಸರ್ಕಾರ ಅದನ್ನು ಮುಚ್ಚಿಸಿತು. ಸಂಪಾದಕ ಗಿಲ್ಬರ್ಟ್ ಮೆಕ್ಲಿಯೋಡ್ ರಾಜದ್ರೋಹದ ಆರೋಪದಲ್ಲಿ ಗಡೀಪಾರಾದ. ರಾಡ್ಜರ್ ಕೂಡ ಜೈಲು ಕಂಡ. ಒಳಗಿದ್ದಾಗಲೂ ತನ್ನ ಹಾಡುಗಳನ್ನು ಗಂಟಲು ಹರಿಯುವಂತೆ ಹಾಡಿ ಕಾವಲಿನವರ ತಲೆ ತಿನ್ನುತ್ತಿದ್ದನಂತೆ.

ಇನ್ನೊಂದು ವಿಷಯ. 1815ರ ನಂತರ ಪ್ರತಿ ಪತ್ರಿಕೆಯ ಮೇಲೆ 4 ಪೆನ್ನಿ ಮುದ್ರಾಂಕ ತೆರಿಗೆ ಇತ್ತು. ಕೂಲಿ ಜನಕ್ಕೆ ಅದು ಜಾಸ್ತಿ. ಹಾಗಾಗಿ ಒಂದೇ ಪ್ರತಿಯನ್ನು ಗುಂಪಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಲೇಖನಕ್ಕಿಂತ ಹಾಡು ಬೇಗ ಬಾಯಿಗೆ ಹತ್ತುತ್ತಿತ್ತು. ಬಾಯಿಗೆ ಹತ್ತಿದ ಹಾಡನ್ನು ಪೊಲೀಸರು ಜಪ್ತಿ ಮಾಡುವಂತಿರಲಿಲ್ಲ.